ಮಾಳಿಗೆಯ ಮೇಲೆ ಹರವಿದ ಬರ್ಫ್

ಮದುವೆ ಅಡುಗೆಯಲ್ಲಿ ನನ್ನನ್ನು ಮೀರಿಸುವವರು ಆಳಂದದಿಂದ ಜೇವರ್ಗಿಯವರೆಗೆ ಯಾರೂ ಇಲ್ಲ ಎಂಬ ಸೊಕ್ಕು ನನಗಿತ್ತು. ನಿಜಾಮರ ಕಾಲದ ಕೊನೆಯ ವರ್ಷಗಳು. ಸುಡು ಬೇಸಿಗೆಯಲ್ಲಿ ಜೇವರ್ಗಿಯ ಮದುವೆಯೊಂದಕ್ಕೆ ಶ್ರೀಖಂಡ ಮಾಡಲು ಒಪ್ಪಿಕೊಂಡೆ. ಹುಡುಗಿಗೆ ತಂದೆ ತಾಯಿ ಇರಲಿಲ್ಲ. ಸೋದರತ್ತೆಯೇ ಸಾಕಿ ಮದುವೆ ಮಾಡುತ್ತಿದ್ದಳು. ಆಳಂದದ ಬೀಗರ ಹಿರಿಯ ಮೊದಲೇ ಹೇಳಿ ಕಳಿಸಿದ್ದ: ಶ್ರೀಖಂಡ ತಣ್ಣಗಿರದಿದ್ದರೆ ಎಲೆ ಬಿಟ್ಟು ಏಳುತ್ತೇವೆ. ಅತ್ತೆಗೆ ಅದೇ ಚಿಂತೆ.

ಹೀಗಾಗಿ ಕಲಬುರಗಿಯಿಂದ ಬರ್ಫ್, ಅಂದರೆ ಮಂಜುಗಡ್ಡೆ, ತರಿಸಿದೆ. ಕಟ್ಟಿಗೆ ಹೊಟ್ಟು ತುಂಬಿದ ಗೋಣಿಚೀಲದಲ್ಲಿ ಅದು ಮೋಟಾರಿನಿಂದ ಬಂದಿಳಿಯಿತು. ಆ ಮನೆಯಲ್ಲಿ ಯಾರೂ ಬರ್ಫ್ ಕಂಡವರಲ್ಲ. ಚೀಲವನ್ನು ಅತ್ತೆಗೆ ಒಪ್ಪಿಸಿ, "ಅವ್ವಾರ, ಇದು ಆರಸಾಕ ತರಿಸೇನ್ರಿ, ಜ್ವಾಕಿ," ಎಂದು ಹೇಳಿ ಒಳಗೆ ಮೊಸರು ಸೋಸಲು ಕುಳಿತೆ.

ತಾಸು ಬಿಟ್ಟು ಕೇಳಿದರೆ ಚೀಲ ಮಾಳಿಗೆಯ ಮೇಲಿದೆ ಎಂದರು. ಹತ್ತಿ ನೋಡಿದೆ. ಅತ್ತೆ ಬರ್ಫನ್ನು ಒಡೆದು, ಸಂಡಿಗೆಯಂತೆ ಕಂಬಳಿಯ ಮೇಲೆ ಹರವಿ, ಕಾಗೆ ಬಾರದಂತೆ ಬಡಿಗೆ ಹಿಡಿದು ಕಾವಲು ಕೂತಿದ್ದಳು.

"ಭಾಳ ಒದ್ದಿ ಇತ್ರಿ. ನೀವ ಆರಸಾಕ ಅಂದ್ರಿ, ಹರವೇನಿ. ಆದ್ರ ಒಣಗಿದಂಗ ಕಮ್ಮಿ ಆಗಾಕತ್ತದ್ರಿ," ಎಂದಳು.

ತಣ್ಣಗೆ ಮಾಡುವುದಕ್ಕೂ ಒಣಗಿಸುವುದಕ್ಕೂ ನಮ್ಮಲ್ಲಿ ಒಂದೇ ಮಾತು, ಆರಸೂದು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾನು ಊಟವನ್ನಷ್ಟೇ ಬಲ್ಲೆ. ಬರ್ಫ್ ಏತಕ್ಕೆಂದು ಬಿಡಿಸಿ ಹೇಳಿದೆ. ಅವಳ ಮುಖ ಬಿಳಿಚಿತು.

"ಹಂಗಾದ್ರ ನನ್ ಹುಡುಗಿ ಮಾನ ಹೋತ್ರಿ," ಎಂದಳು. ಉಳಿದ ಬರ್ಫ್ ಯಾತಕ್ಕೂ ಸಾಲುವಂತಿರಲಿಲ್ಲ, ನಾನು ಹಗ್ಗ ಹುಡುಕಲು ಕೆಳಗಿಳಿದೆ.

ಶ್ರೀಖಂಡದ ಡಬ್ಬಿಗಳಿಗೆ ಹಗ್ಗ ಕಟ್ಟಿ ಹಿತ್ತಲ ಬಾವಿಯ ನೀರಲ್ಲಿ ಕುತ್ತಿಗೆಮಟ್ಟ ಇಳಿಬಿಟ್ಟೆವು. ಪಂಕ್ತಿ ಕೂತ ಮೇಲೆ ಒಂದೊಂದನ್ನೇ ಸೇದಿ, ಒದ್ದೆ ಬಟ್ಟೆ ಸುತ್ತಿ, ಓಡುತ್ತ ಬಡಿಸಿದೆ. ನಿಂತು ಮಾತಾಡಿದರೆ ಎಲೆಯ ಮೇಲೆ ಮಜ್ಜಿಗೆಯಾಗುತ್ತಿತ್ತು.

ಹಿರಿಯನ ಎಲೆ ಬಂತು. ಬರ್ಫ್ ತರಿಸಿದ ಸುದ್ದಿ ಬೀಗರ ಕಿವಿಗೂ ಬಿದ್ದಿತ್ತು. ಬಾಗಿಲ ಮರೆಯಲ್ಲಿ ಅತ್ತೆ ಉಸಿರು ಬಿಗಿಹಿಡಿದಿದ್ದಳು. ಆತ ಒಂದು ಬೆರಳು ನೆಕ್ಕಿ ಕಣ್ಣು ಮುಚ್ಚಿದ.

"ಬರ್ಫಂದ್ರ ಕಲಬುರ್ಗಿ ಬರ್ಫ್ ನೋಡ್ರಿ. ಹಲ್ಲೆಲ್ಲ ಜುಮ್ ಅನ್ನಾಕತ್ತಾವು," ಎಂದು ಇಡೀ ಪಂಕ್ತಿಗೆ ಕೇಳುವಂತೆ ಹೇಳಿದ.

ಅವನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿ ಗೋಡೆಗೆ ಒರಗಿ ನಕ್ಕಳು, ನಗುತ್ತ ನಗುತ್ತಲೇ ಅತ್ತುಬಿಟ್ಟಳು.