ಕಾಣಿಕೆಯ ತೊಗರಿ ಇದ್ದ ಕೋಣೆ

ಹಲ್ಲುಜ್ಜುತ್ತಿದ್ದ ಪ್ರಕಾಶ ಬ್ರಷ್ ಹಿಡಿದುಕೊಂಡೇ ಅಂಗಳದಲ್ಲಿ ಕುಳಿತುಬಿಟ್ಟ. ಎದೆ ಬಿಗಿಯುತ್ತಿದೆ ಎಂದ. ವಾಂತಿ ಮಾಡಿದ. ಚಳಿಯ ಬೆಳಿಗ್ಗೆ ಮೈತುಂಬ ಬೆವರು.

ಅಪ್ಪನೂ ಹೀಗೇ ಕುಳಿತಿದ್ದರು. ಇದೇ ಅಂಗಳದಲ್ಲಿ. ಮತ್ತೆ ಏಳಲಿಲ್ಲ.

ಪ್ರಕಾಶ ನನ್ನ ತಮ್ಮ, ಔರಾದಿನ ಹೈಸ್ಕೂಲಿನಲ್ಲಿ ಮಾಸ್ತರ. ಭಾಲ್ಕಿಯ ಮನೆಯಲ್ಲಿ ಅವನು ಮತ್ತು ಅವ್ವ ಇಬ್ಬರೇ. ನಾನು ಹೈದರಾಬಾದಿನ ಒಂದು ಲ್ಯಾಬಿನಲ್ಲಿ ಪೋಸ್ಟ್‌ಡಾಕ್ಟರಲ್ ಸಂಶೋಧನೆ ಮಾಡುತ್ತೇನೆ. ಹೃದ್ರೋಗಕ್ಕೆ ಹುಟ್ಟಿನಿಂದ ಬಂದ ಜೀನ್‌ಗಳು ಎಷ್ಟು ಕಾರಣ, ಗಾಳಿ, ನೀರು, ಅನ್ನದಿಂದ ಮೈಸೇರುವ ವಿಷ ಎಷ್ಟು ಕಾರಣ, ಎರಡೂ ಕೂಡಿದಾಗ ಏನಾಗುತ್ತದೆ ಎಂಬುದು ನನ್ನ ವಿಷಯ. ಅಪ್ಪ ಹೋದ ಮೇಲೆಯೇ ಈ ದಾರಿ ಹಿಡಿದವಳು. ಆ ಬೆಳಿಗ್ಗೆ ಬಸ್ಸಿಳಿದು ಮನೆಗೆ ಬಂದಿದ್ದೆನಷ್ಟೆ. ಒಳಗೆ ಬೆಳ್ಳುಳ್ಳಿಯ ವಾಸನೆ. ಅವ್ವ ಚಟ್ನಿ ಕುಟ್ಟಿರಬೇಕು ಅಂದುಕೊಂಡೆ.

ಬೀದರಿನ ಆಸ್ಪತ್ರೆಯಲ್ಲಿ ಇಸಿಜಿ ಕೆಟ್ಟಿತ್ತು, ಹೃದಯದ ಪೆಟ್ಟು ತೋರಿಸುವ ಟ್ರೊಪೋನಿನ್ ಏರಿತ್ತು, ಬಿಪಿ ಇಳಿಯುತ್ತಿತ್ತು. ಡಾಕ್ಟರು ತಲೆಯೆತ್ತದೆ ಕೇಳಿದರು, “ಮನ್ಯಾಗ ಯಾರಿಗರ ಹಾರ್ಟಿಂದು ಇತ್ತಾ?”

“ಇವರಪ್ಪಗ ಇತ್ತರಿ. ಅದರಾಗೇ ಹೋದ್ರು,” ಎಂದಳು ಅವ್ವ.

“ಮತ್ತೇನ್ರಿ, ಖಾನದಾನಿ ಅದ. ಬ್ಲಾಕ್ ಇರ್ತದ.”

ಆಂಜಿಯೋಗ್ರಾಮ್ ಮಾಡಿದರು. ಬ್ಲಾಕ್ ಇರಲಿಲ್ಲ. ಡಾಕ್ಟರ ನಂಬಿಕೆ ಮಾತ್ರ ಅಲುಗಲಿಲ್ಲ. “ಹಾರ್ಟ್ ಮಸಲೇ ವೀಕ್ ಅದ ಮೇಡಂ. ಜೀನ್ಸಿಂದು. ನೀವು ಅದನ್ನೇ ಓದೀರಂತಲ್ಲ?”

ಆಸ್ಪತ್ರೆಗೆ ಬಂದಿದ್ದ ಚಿಕ್ಕಪ್ಪನೂ ಸೇರಿಸಿದರು. “ಅಣ್ಣನ ರಗತ. ಓದಿದ ಮಗಳು ಇದ್ದು ಏನ್ ಮಾಡ್ತಾಳ?”

ಗಾಜಿನಾಚೆ ಪ್ರಕಾಶನ ತುಟಿ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಈ ಜನ ಅವನ ಸಾವಿಗೆ ಕಾರಣವನ್ನು ಆಗಲೇ ಸಿದ್ಧ ಮಾಡಿಟ್ಟಿದ್ದರು. ರಕ್ತ ಎಂದೊಡನೆ ಯಾರೂ ಏನೂ ಕೇಳಬೇಕಾಗಿಲ್ಲ, ಯಾರದೂ ತಪ್ಪಿಲ್ಲ. ಆ ನೆಮ್ಮದಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಷ್ಟರಲ್ಲಿ ಬೆಂಚಿನ ಮೇಲಿದ್ದ ಅವ್ವ ಬಗ್ಗಿ ವಾಂತಿ ಮಾಡಿದಳು. “ಮುಂಜಾನಿಂದ ತಲಿ ಸಿಡೀಲಿಕತ್ತದ,” ಎಂದಳು. ಟೆನ್ಶನ್ ಇರಬೇಕು ಎಂದು ನರ್ಸ್ ಸಮಾಧಾನ ಹೇಳಿದಳು.

ಅವ್ವ ಅಪ್ಪನ ರಕ್ತದವಳಲ್ಲ.

“ಅವ್ವಾ, ಮನ್ಯಾಗ ಏನ್ ಔಷಧ ಹೊಡದೀರಿ?”

“ಏನೂ ಹೊಡದಿಲ್ಲವ್ವ. ಕಾಣಿಕಿ ತೊಗರಿಗಿ ನಿನ್ನಿ ಸಂಜಿಮುಂದ ಪ್ರಕಾಶ ಹುಳದ ಗುಳಿಗಿ ಇಟ್ಟಾನ. ಪ್ರತಿ ವರ್ಷ ಇಡ್ತೇವಲ್ಲ.”

“ಚೀಲ ಎಲ್ಲವ?”

“ಅವನ ಖೋಲಿಯಾಗ. ದೇವರ ಕಾಳು, ಕೊಟ್ಟಿಗ್ಯಾಗ ಇಡ್ಲಿಕ್ಕಾಗ್ತದೇನು?”

ನಮ್ಮ ಚರ್ಚಿನಲ್ಲಿ ಸುಗ್ಗಿಯ ಮೊದಲ ಕಾಳನ್ನು ಎಲ್ಲರೂ ಕಾಣಿಕೆ ತರುತ್ತಾರೆ. ಹರಾಜಿನ ದಿನದವರೆಗೆ ಅದನ್ನು ಕಾಯುವ ಗೌರವ ಅಜ್ಜನ ಕಾಲದಿಂದಲೂ ನಮ್ಮ ಮನೆಯದು. ಮನೆಯ ಒಳ್ಳೆಯ ಕೋಣೆಯೇ ಅದಕ್ಕೆ ಮೀಸಲು. ಪ್ರಕಾಶ ಅಲ್ಲೇ ಮಲಗುತ್ತಾನೆ. ಬೀದರಿನ ಗಂಜ್ ಮಾರುಕಟ್ಟೆಯ ಅಂಗಡಿಯವ ಗುಳಿಗೆಗಳನ್ನು ಡಬ್ಬಿಯಿಂದ ತೆಗೆದು, ಬಿಡಿಯಾಗಿ ಕಾಗದದಲ್ಲಿ ಕಟ್ಟಿಕೊಟ್ಟಿದ್ದ. ಈ ಸಲ ಕಿಟಕಿ ಬಾಗಿಲು ಬಂದ್ ಮಾಡಿ ಎಂದಿದ್ದ. ಒಳಗೆ ಮಲಗಬೇಡಿ ಎನ್ನಲಿಲ್ಲ. ಹಾಗೆನ್ನುವ ಚೀಟಿ ಅವನ ಡಬ್ಬಿಯ ಮೇಲೇ ಉಳಿಯಿತು. ಗಾಳಿಯ ತೇವ ತಾಗಿದರೆ ಸಾಕು, ಆ ಗುಳಿಗೆ ಬೆಳ್ಳುಳ್ಳಿಯಂತೆ ನಾರುವ ಫಾಸ್ಫೀನ್ ಅನಿಲ ಬಿಡುತ್ತದೆ. ಅದು ನೇರ ಹೃದಯದ ಸ್ನಾಯುವಿಗೇ ಕೈ ಹಾಕುತ್ತದೆ.

ಓಡಿಹೋಗಿ ಹೇಳಿದೆ. ಡಾಕ್ಟರು ಮೊದಲ ಸಲ ನನ್ನ ಮುಖ ನೋಡಿದರು. ದನಿ ತಗ್ಗಿಸಿ, “ನುಂಗ್ಯಾನೇನು?” ಎಂದರು.

“ನುಂಗಿಲ್ಲರಿ. ಉಸಿರಾಡ್ಯಾನ.”

ಆಮೇಲೆ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಈ ವಿಷಕ್ಕೆ ಮದ್ದಿಲ್ಲ. ಹೃದಯ ತಾನಾಗಿ ಚೇತರಿಸುವ ತನಕ ಬಿಪಿ ಹಿಡಿದು ನಿಲ್ಲಿಸಬೇಕು, ಅಷ್ಟೆ. ಅವ್ವನಿಗೂ ಆಕ್ಸಿಜನ್ ಹಚ್ಚಿದರು. ಮನೆಯೊಳಗೆ ಯಾರೂ ಕಾಲಿಡಬೇಡಿ ಎಂದು ನೆರೆಯವರಿಗೆ ಫೋನ್ ಮಾಡಿದೆ. ಈಗಲೂ ಬೆಳ್ಳುಳ್ಳಿ ಹುರಿದ ವಾಸನೆ ಬಂದರೆ ಬಾಗಿಲು ತೆರೆಯಲು ಓಡುತ್ತೇನೆ.

ಪ್ರಕಾಶ ಉಳಿದ. ಅವ್ವನೂ.

ಆದರೆ ಅಪ್ಪ? ಅವರೂ ಅದೇ ಕೋಣೆಯಲ್ಲಿ ಮಲಗುತ್ತಿದ್ದರು. ಅವರು ಹೋದದ್ದೂ ಸುಗ್ಗಿಯಲ್ಲಿ. ಅವರ ಎದೆಯನ್ನು ಯಾರೂ ಪರೀಕ್ಷಿಸಲಿಲ್ಲ. ಜೀನ್ ಇರಬಹುದು, ಗುಳಿಗೆ ಇರಬಹುದು, ಎರಡೂ ಇರಬಹುದು. ನನ್ನ ಯಾವ ಯಂತ್ರವೂ ಇನ್ನು ಅದನ್ನು ಹೇಳಲಾರದು. ಇಷ್ಟು ವರ್ಷ ಅವರ ರಕ್ತವನ್ನು ದೂರಿದ್ದಕ್ಕೆ ಉತ್ತರ ಕೊಡುವವರು ಯಾರೂ ಇಲ್ಲ.

ಮನೆಗೆ ಬಂದ ಮೇಲೆ, ಚೀಲಗಳನ್ನು ಚರ್ಚಿನ ತೆರೆದ ಪಡಸಾಲೆಗೆ ಸಾಗಿಸಲು ಹಿರಿಯರನ್ನು ಒತ್ತಾಯಿಸಿದೆ. ಗುಳಿಗೆ ಇಡಕೂಡದು ಎಂದೆ.

“ಹಂಗೇ ಇಟ್ರ ಹುಳ ಹಿಡೀತಾವಲ್ಲವ್ವ,” ಎಂದರು ಒಬ್ಬರು.

ಹೊರಸಿನ ಮೇಲೆ ಒರಗಿದ್ದ ಪ್ರಕಾಶ ಹೇಳಿದ, “ತಿನ್ಲಿ ಬಿಡ್ರಿ ಕಾಕಾ. ಒಂದ್ ವರ್ಷ ಅವಕ್ಕೂ ಸುಗ್ಗಿ.”

ಎಲ್ಲರೂ ನಕ್ಕರು. ಅಷ್ಟು ಹೇಳುವುದರೊಳಗೆ ಅವನು ನಡುವೆ ಒಮ್ಮೆ ತಡೆದು ಉಸಿರೆಳೆದುಕೊಂಡಿದ್ದ. ನಾನು ನಗಲಿಲ್ಲ. ಆ ಉಸಿರು ತಿರುಗಿ ಹೊರಬರುವುದನ್ನೇ ನೋಡುತ್ತಿದ್ದೆ.

ಬಂತು.