ಬಿಚ್ಚದೆ ಬಂದ ದಾರ

ಸರೋಜಾ ಆಂಟಿ, ವಸಂತಪುರದ ಆ ಪಿಕಳಾರ ಹಕ್ಕಿಯ ಮರಿಗಳು ಸತ್ತದ್ದು ನಿಮ್ಮಿಂದಲ್ಲ, ನನ್ನಿಂದ. ಇಷ್ಟು ವರ್ಷ ಬಾಯಿಬಿಡಲಿಲ್ಲ — ಹೆದರಿದೆ.

ಭಾನುವಾರ ಬೆಳಿಗ್ಗೆ ಜಯನಗರದಿಂದ ನಮ್ಮನ್ನೆಲ್ಲ ಹಕ್ಕಿ ನೋಡಲು ಕರೆದೊಯ್ಯುತ್ತಿದ್ದವರು ನೀವು. ಕಾಲೇಜು ಹುಡುಗನಾಗಿದ್ದ ನನಗೆ ಲಂಟಾನ ಪೊದೆಯೊಳಗಿನ ಆ ಗೂಡು ತೋರಿಸಿದವರೂ ನೀವೇ. ಫೋಟೋಗೆ ಬೆಳಕು ಬೇಕಾದರೆ ಕೊಂಬೆ ಕಡಿಯಬಾರದು, ದಾರ ಕಟ್ಟಿ ಸ್ವಲ್ಪ ಪಕ್ಕಕ್ಕೆಳೆದು, ಚಿತ್ರ ತೆಗೆದ ಕೂಡಲೇ ಬಿಚ್ಚಬೇಕು ಎಂದು ನೂರು ಸಲ ಹೇಳಿದ್ದಿರಿ.

ಮರುದಿನ ನಿಮಗೆ ತಿಳಿಸದೆ ಒಬ್ಬನೇ ಹೋದೆ, ಮಾವನ ರೀಲು ಕ್ಯಾಮೆರಾ ತಗಲಿಸಿಕೊಂಡು — ದೊಡ್ಡ ಫೋಟೋಗ್ರಾಫರ್ ನೋಡಿ! ಸುಡುಬಿಸಿಲು. ಗೂಡಿಗೆ ಮರೆಯಾಗಿದ್ದ ಕೊಂಬೆಗಳನ್ನೆಲ್ಲ ದಾರದಿಂದ ಹಿಂದಕ್ಕೆ ಕಟ್ಟಿದೆ. ಪುಕ್ಕ ಬಾರದ ಮರಿಗಳು ಬಾಯಿ ತೆರೆದವು. ಒಂದೆರಡು ಚಿತ್ರ ತೆಗೆಯುವಷ್ಟರಲ್ಲಿ ಮೋಡ ಕವಿದು ಗಾಳಿ ಎದ್ದಿತು, ಹಿಂದೆಯೇ ಆಲಿಕಲ್ಲು. ಕ್ಯಾಮೆರಾ ಹಾಳಾದರೆ ಮಾವ ಚರ್ಮ ಸುಲಿಯುತ್ತಾನೆಂದು ಅದನ್ನು ಅಂಗಿಯೊಳಗೆ ತುರುಕಿಕೊಂಡು ದೇವಸ್ಥಾನದ ಜಗುಲಿಗೆ ಓಡಿದೆ. ಅಲ್ಲಿ ನಿಂತ ಮೇಲೆ ದಾರ ನೆನಪಾಯಿತು. ಪೊದೆ ಕೂಗಳತೆಯಲ್ಲೇ ಇತ್ತು. ಹೋಗಬೇಕು, ಹೋಗಿ ಬಿಚ್ಚಿಬಿಡಬೇಕು — ಎನ್ನುವಾಗಲೇ ಹತ್ತಿರದ ತೆಂಗಿನಮರಕ್ಕೆ ಸಿಡಿಲು ಹೊಡೆಯಿತು. ಕಂಬ ತಬ್ಬಿಕೊಂಡು ಕುಳಿತೆ. ಹೋಗಲಿಲ್ಲ.

ಮಳೆ ನಿಂತ ಮೇಲೆ ನೋಡಿದರೆ ಗೂಡು ತೊಯ್ದು ತೊಪ್ಪೆ, ಮರಿಗಳು ಅಲುಗುತ್ತಿರಲಿಲ್ಲ. ತಾಯಿ ಹಕ್ಕಿ ಪೊದೆಯ ತುದಿಯಲ್ಲಿ ಕೂತು ಒಂದೇ ಸಮನೆ ಕೂಗುತ್ತಿತ್ತು. ನಾನು ಮಾಡಿದ್ದೇನು ಗೊತ್ತೇ? ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಕೊಂಬೆಗಳು ತಮ್ಮ ಜಾಗಕ್ಕೆ ಬಂದವು, ಏನೂ ಆಗಿಲ್ಲವೆಂಬಂತೆ.

ಆಲಿಕಲ್ಲು ಬಿತ್ತೆಂದು ಗಾಬರಿಯಾಗಿ ಮಾರನೆಯ ಬೆಳಿಗ್ಗೆ ನನ್ನನ್ನೇ ಜೊತೆಗೆ ಕರೆದುಕೊಂಡು ಹೋದಿರಿ. ಕಳ್ಳನ ಮನಸ್ಸು ಹುಳ್ಳುಳ್ಳಗೆ — ದಾರದ ಗುರುತೇನಾದರೂ ಉಳಿದಿದೆಯೇ ಎಂದು ನಾನು ಕೊಂಬೆಗಳನ್ನೇ ನೋಡುತ್ತಿದ್ದೆ. ನೀವು ಗೂಡಿನ ಮೇಲಿನ ಎಲೆಗಳನ್ನು ಮುಟ್ಟಿ ನೋಡಿದಿರಿ. ಆಮೇಲೆ ಮೆಲ್ಲಗೆ ಹೇಳಿದಿರಿ:

"ಪೊದೆ ಇಷ್ಟು ದಟ್ಟವಾಗಿದೆ, ಮಳೆಗೆ ಸಾಯೋ ಹಾಗಿಲ್ಲ ಕಣೋ. ಮೊನ್ನೆ ನಾನೇ ತುಂಬಾ ಹತ್ರ ಹೋಗ್ಬಿಟ್ಟೆ. ತಾಯಿ ಹೆದರಿ ಗೂಡು ಬಿಟ್ಟಿದೆ. ಅಲ್ವಾ?"

"ಇರಬಹುದು ಆಂಟಿ" ಅಂದೆ.

ಮುಂದಿನ ಭಾನುವಾರದಿಂದ ನೀವು ಹಕ್ಕಿ ನೋಡಲು ಬರಲಿಲ್ಲ. ದುರ್ಬೀನನ್ನು ಯಾರಿಗೋ ಕೊಟ್ಟುಬಿಟ್ಟಿರಿ. ಮನೆಯೆದುರು ಹಕ್ಕಿ ಕೂಗಿದರೂ ಅಮ್ಮ ತಲೆಯೆತ್ತುವುದಿಲ್ಲ ಎಂದು ನಿಮ್ಮ ಮಗಳು ಮೊನ್ನೆ ಹೇಳಿದಳು. ಅಲ್ಲಿಯವರೆಗೂ, ನೀವು ಮರೆತಿದ್ದೀರಿ ಎಂದುಕೊಂಡಿದ್ದೆ.

ನಾಳೆ ಬಂದು ಇದನ್ನೆಲ್ಲ ಎದುರಿಗೇ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಆದರೆ ಹಕ್ಕಿ ನೋಡದೆ ಕಳೆದ ಇಷ್ಟು ವರ್ಷಗಳಿಗೆ ಏನು ಹೇಳ್ತೀಯೋ ಎಂದು ಕೇಳಿದಿರೋ — ಅವನ್ನು ನಾನು ವಾಪಸು ಕೊಡಲಾರೆ ಆಂಟಿ.