ನಡುವಿನದು ಇಲ್ಲದ ಅಂಗಡಿ

ಕಂಪ್ಯೂಟರ್ ಮಾರುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಪಾಪ, ಈಗಿನವರು ಒಳ್ಳೆಯವರೇ ಇರಬಹುದು. 'ಇದು ಸಾಲದು ಅಂದ್ರೆ ಒಂದು ಮೆಟ್ಟಿಲು ಮೇಲಿನದಿದೆ ಮೇಡಂ, ಅದಕ್ಕೂ ಮೇಲೆ ಇನ್ನೊಂದಿದೆ' ಎಂದು ಸಾಲಾಗಿ ಇಟ್ಟು ತೋರಿಸುತ್ತಾರೆ. ಆ ಸಾಲು ನೋಡಿದಾಗಲೇ ನನಗೆ ಸಿಟ್ಟು ಬರುವುದು. ತೊಂಬತ್ತರ ದಶಕದ ನಡುವೆ ನಾನೂ ಅಪ್ಪನೂ ಬಂಗಾರಪೇಟೆಯಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ ಬೆಂಗಳೂರಿಗೆ ಹೋಗಿ ನಿಂತಾಗ ಈ ಮೆಟ್ಟಿಲುಗಳೆಲ್ಲ ಎಲ್ಲಿ ಹೋಗಿದ್ದವು?

ರೈಲ್ವೆ ಸ್ಟೇಷನ್ನಿನಿಂದ ಬಜಾರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇತ್ತು. ಕಾಲಲ್ಲಿ ತುಳಿಯುವ ಟ್ರೆಡಲ್ ಮೆಷಿನ್ನು, ಗೋಡೆಗೆ ಒರಗಿಸಿದ ಮರದ ಕೇಸುಗಳು, ಕೇಸಿನ ಒಂದೊಂದು ಪುಟ್ಟ ಮನೆಯಲ್ಲೂ ಸೀಸದ ಅಚ್ಚಿನ ಮೊಳೆಗಳು. ಕನ್ನಡಕ್ಕೊಂದು ಸಾಲು, ತೆಲುಗಿಗೊಂದು, ತಮಿಳಿಗೊಂದು. ಕೆಜಿಎಫ್ ಕಡೆಯ ಲಗ್ನಪತ್ರಿಕೆ ಒಂದೇ ಭಾಷೆಯಲ್ಲಿ ಮುಗಿಯುವುದಿಲ್ಲ. ಹೆಣ್ಣಿನ ಕಡೆಯವರು ಉರಿಗಾಂನ ಗಣಿ ಲೈನುಮನೆಗಳ ತಮಿಳರಾಗಿರುತ್ತಾರೆ, ಗಂಡಿನವರು ತೆಲುಗು ಮಾತಾಡುವ ಹಳ್ಳಿಯವರು, ನಡುವೆ ಎರಡೂ ಕಡೆಗೆ ಬೇಕಾದ ಕನ್ನಡದ ನೆಂಟರು. ಒಂದು ಭಾಷೆ ಬಿಟ್ಟರೂ ಊಟದ ಎಲೆಯ ಮುಂದೆ ಯಾರಾದರೊಬ್ಬರು ಮುಖ ಊದಿಸಿಕೊಂಡು ಕೂರುತ್ತಾರೆ. ಮೂರನ್ನೂ ಒಂದೇ ಕಾರ್ಡಿನಲ್ಲಿ ಕೂರಿಸಿಕೊಡುವುದೇ ನಮ್ಮ ಪ್ರೆಸ್ಸಿನ ಹೆಚ್ಚುಗಾರಿಕೆಯಾಗಿತ್ತು.

ಅಲ್ಲಿ ಒಂದು ಪದ್ಧತಿ ಇತ್ತು. ಮೊಳೆ ಜೋಡಿಸಿ, ಒಂದು ಹಾಳೆ ಪ್ರೂಫ್ ತೆಗೆದು, ಮದುವೆ ಮನೆಯ ಹಿರಿಯರನ್ನು ಎದುರಿಗೆ ಕೂರಿಸಿಕೊಂಡು ಅಪ್ಪ ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಅಜ್ಜ ಅಜ್ಜಿಯ ಹೆಸರಿನಿಂದ ಹಿಡಿದು ತಮ್ಮಂದಿರ ಹೆಸರಿನವರೆಗೆ. ಓದಿ ಮುಗಿಸಿ, ಹಾಳೆ ಕೆಳಗಿಟ್ಟು, 'ಸರಿಗೈತೆ, ಓಡ್ಸು' ಅನ್ನುತ್ತಿದ್ದ. ಆ ಮಾತು ಬರುವ ತನಕ ಮೆಷಿನ್ನಿನ ಮೇಲೆ ಯಾರೂ ಕಾಲಿಡುವ ಹಾಗಿರಲಿಲ್ಲ. ಗಿರಾಕಿಗಳಿಗೂ ಅದು ಗೊತ್ತಿತ್ತು. ಅಪ್ಪನ ಬಾಯಿಂದ 'ಓಡ್ಸು' ಕೇಳಿದ ಮೇಲೆಯೇ ಅವರು ಎದ್ದು ಪಂಚೆ ಕೊಡವಿಕೊಳ್ಳುತ್ತಿದ್ದುದು.

ಅಪ್ಪನ ಕಣ್ಣು ಮಂಜಾಗುತ್ತಾ ಬಂತು. ಪೊರೆಯಲ್ಲ, ಸಕ್ಕರೆ ಕಾಯಿಲೆಯದು. ಆಪರೇಷನ್ ಮಾಡಿ ತೆಗೆಯುವಂಥದ್ದಲ್ಲ, ಇರುವಷ್ಟನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ಮೊಳೆ ಜೋಡಿಸುವುದಕ್ಕೆ ಅವನಿಗೆ ಕಣ್ಣೇ ಬೇಕಿರಲಿಲ್ಲ. ಯಾವ ಅಕ್ಷರ ಯಾವ ಮನೆಯಲ್ಲಿದೆ ಎಂದು ಕೈಗೆ ಗೊತ್ತಿತ್ತು, ತಲೆಬರಹದ ದೊಡ್ಡ ಮೊಳೆಗಳನ್ನಂತೂ ಹೆಬ್ಬೆರಳಲ್ಲಿ ಸವರಿಯೇ ಹೇಳುತ್ತಿದ್ದ. ಕೈಕೊಟ್ಟಿದ್ದು ಪ್ರೂಫ್ ಓದುವುದು. ಮೊದಲು ಹಾಳೆಯನ್ನು ಬಾಗಿಲ ಬಿಸಿಲಿಗೆ ಹಿಡಿದು ಓದುತ್ತಿದ್ದ, ಆಮೇಲೆ ಭೂತಗನ್ನಡಿ ಹಿಡಿದು, ಆಮೇಲೆ ಅದೂ ಆಗದೆ ನಾನು ಓದಿ ಹೇಳಿದ್ದಕ್ಕೆ 'ಓಡ್ಸು' ಅನ್ನತೊಡಗಿದ. ಒಂದು ದಿನ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದ, 'ನೋಡ್ದೇ ಇರೋದ್ನ ನೋಡ್ದೆ ಅಂತ ಏಳ್ದಂಗೆ ಆಗ್ತೈತೆ ಕಣೇ. ನಾಚ್ಕೆ ಆಗ್ತೈತೆ.' ಅಷ್ಟು ಹೇಳಿ ಮುದ್ದೆ ಮುರಿದ.

ನಾನು ಆಗ ರಾಬರ್ಟ್‌ಸನ್‌ಪೇಟೆಯ ಒಂದು ಮಹಡಿ ಮೇಲೆ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದನ್ನು ಕಲಿಯಲು ಹೋಗುತ್ತಿದ್ದೆ. ಅಲ್ಲಿ ಒಂದು ಗುಂಡಿ ಒತ್ತಿದರೆ ಅಕ್ಷರ ದೊಡ್ಡದಾಗುತ್ತಿತ್ತು, ಮತ್ತೆ ಒತ್ತಿದರೆ ಮತ್ತೂ ದೊಡ್ಡದು. ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಎರಡೆರಡು ಸಲ ಕೇಳಿದ, 'ಎಷ್ಟು ದೊಡ್ಡುದು? ರೊಟ್ಟಿಯಷ್ಟು?' ರೊಟ್ಟಿಯಷ್ಟು ಅಂದೆ. ಮಾರನೆಯ ವಾರವೇ ಇಬ್ಬರೂ ಬೆಂಗಳೂರಿನ ಗಾಡಿಯಲ್ಲಿದ್ದೆವು.

ಷೋರೂಮಿನಲ್ಲಿ ಟೈ ಕಟ್ಟಿದ ಹುಡುಗ ಮೊದಲು ದೊಡ್ಡದನ್ನೇ ತೋರಿಸಿದ. ಬಣ್ಣದ ಮಾನಿಟರ್, ಟಿವಿಯಷ್ಟು ಅಗಲ. ನಾನು ಕೂತು ತಮಿಳಿನಲ್ಲಿ ಒಂದು ಸಾಲು ಹೊಡೆದು ದೊಡ್ಡದು ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗೈಯಗಲ ಅಕ್ಷರಗಳು ನಿಂತವು. ಅಪ್ಪ ಬಗ್ಗಿ ನೋಡಿದ. ಆ ಹುಡುಗನ ಎದುರಿಗೇ, ಪ್ರೆಸ್ಸಿನಲ್ಲಿ ಓದುವ ಹಾಗೆಯೇ ಗಟ್ಟಿಯಾಗಿ, ಒಂದಕ್ಷರ ತಪ್ಪದೆ ಓದಿಬಿಟ್ಟ. ನಾನು ಬೇಕೆಂದೇ ಒಂದು ಕಡೆ ದೀರ್ಘದ ಗುರುತು ಬಿಟ್ಟು ಹೊಡೆದಿದ್ದೆ. 'ಇಲ್ಲಿ ಕಾಲು ಬಿಟ್ಟೋಗೈತೆ ನೋಡು' ಅಂದ.

ಬೆಲೆ ಕೇಳಿದ ಮೇಲೆ ನಾನು ಕುರ್ಚಿ ಬಿಟ್ಟು ಎದ್ದೆ. ಅದು ಜಾಹೀರಾತು ಮಾಡುವ ದೊಡ್ಡ ದೊಡ್ಡ ಆಫೀಸುಗಳಿಗೆ ಅಂತ ಬಂದ ಮಾಲು. ಇನ್ನೊಂದು ಮೂಲೆಯಲ್ಲಿ ಸಣ್ಣದಿತ್ತು, ಸ್ಕೂಲಿನ ಮಕ್ಕಳಿಗೆ, ಲೆಕ್ಕ ಬರೆಯುವ ಗುಮಾಸ್ತರಿಗೆ ಅಂತ. ಕಪ್ಪು ಬಿಳುಪಿನ ಪುಟ್ಟ ಮಾನಿಟರ್, ಮೆಮೊರಿ ಕಡಿಮೆ. ಅದು ನಮ್ಮ ಕೈಗೆ ಎಟುಕುತ್ತಿತ್ತು.

'ಇವೆರಡ್ರ ಮದ್ಯದ್ದು ತೋರ್ಸಪ್ಪ' ಅಂದ ಅಪ್ಪ.

'ಮಧ್ಯದ್ದು ಬರಲ್ಲ ಸಾರ್. ಕಂಪನಿ ಮಾಡೋದೇ ಇಲ್ಲ.'

'ಯಾಕೆ ಮಾಡಲ್ಲ?'

'ಆ ಥರದ ಗಿರಾಕಿ ಇಲ್ಲ ಸಾರ್.'

ಎದುರಿಗೆ ಇಬ್ಬರು ನಿಂತಿದ್ದೇವೆ, ಒಬ್ಬರಿಗೆ ಇಬ್ಬರು! ನಮ್ಮ ಬಂಗಾರಪೇಟೆ ಬಜಾರಿನಲ್ಲಿ ಅಕ್ಕಿಯಲ್ಲಿ ನಡುತರದ್ದು ಉಂಟು, ಪಂಚೆಯಲ್ಲಿ ಉಂಟು, ತೆಂಗಿನಕಾಯಿಯಲ್ಲೂ ದೊಡ್ಡದು ಸಣ್ಣದು ನಡುವಿನದು ಅಂತ ಮೂರು ಗುಡ್ಡೆ ಹಾಕಿರುತ್ತಾರೆ. ತೆಂಗಿನಕಾಯಿ ಮಾರುವವನಿಗೆ ಇರುವ ಬುದ್ಧಿ ಅಷ್ಟು ದೊಡ್ಡ ಕಂಪನಿಗೆ ಇರಲಿಲ್ಲ. ಬಡವನಾದರೆ ಪೂರ್ತಿ ಬಡವನಾಗಿರು, ಇಲ್ಲವಾದರೆ ಸಾಹುಕಾರನಾಗು ಎಂದು ಹೇಳಿದ ಹಾಗಿತ್ತು.

ಅಪ್ಪ ಆಗ ಒಂದು ಮಾತು ಕೇಳಿದ. 'ಈಗ ಸಣ್ಣುದು ತಕ್ಕೊಂಡೋಗಿ ಆಮೇಲೆ ಅದಕ್ಕೇ ಸೇರಿಸ್ಕೊಂಡು ದೊಡ್ಡುದು ಮಾಡ್ಕೋಬೌದಾ?' ಹುಡುಗ ನಕ್ಕು, 'ಆರಾಮಾಗಿ ಸಾರ್, ಆಮೇಲೆ ಹಾಕಿಸ್ಕೊಬೋದು' ಅಂದ. ಅಪ್ಪನಿಗೆ ಅಷ್ಟು ಸಾಕಾಯಿತು. ನಮ್ಮ ಕಡೆ ಮನೆ ಕಟ್ಟುವ ಯಾರೂ ಒಂದೇ ಸಲಕ್ಕೆ ಮುಗಿಸುವುದಿಲ್ಲ. ಕೆಳಗೆ ಎರಡು ಕೋಣೆ ಎಬ್ಬಿಸಿ, ತಾರಸಿ ಮೇಲೆ ಕಂಬಿಗಳನ್ನು ಹಾಗೇ ಚಾಚಿ ಬಿಟ್ಟಿರುತ್ತಾರೆ. ಕೈಯಲ್ಲಿ ಕಾಸಾಡಿದಾಗ ಮೇಲಿನ ಮನೆ. ಬಂಗಾರಪೇಟೆಯ ಯಾವ ತಾರಸಿ ಹತ್ತಿ ನೋಡಿದರೂ ಕಂಬಿಗಳೇ. ಕಂಪ್ಯೂಟರಿಗೂ ಹಾಗೇ ಕಂಬಿ ಬಿಟ್ಟಿರುತ್ತಾರೆ ಎಂದು ಅಪ್ಪ ನಂಬಿದ. ನಿಜ ಹೇಳಬೇಕೆಂದರೆ ಮಹಡಿ ಮೇಲೆ ಕಲಿತ ನಾನೂ ನಂಬಿದೆ.

ಸಣ್ಣದನ್ನು ಕೊಳ್ಳುವುದಕ್ಕೂ ಕೈಯಲ್ಲಿದ್ದದ್ದು ಸಾಲಲಿಲ್ಲ. ಅಪ್ಪ ಸೀಸ ಮಾರುತ್ತೇನೆ ಅಂದ. ಹೇಗೂ ಜನ ಕಂಪ್ಯೂಟರ್ ಅಕ್ಷರವನ್ನೇ ಕೇಳುತ್ತಿದ್ದಾರೆ, ಗಣಿಯಲ್ಲಿ ಕೆಲಸ ಕಡಿಮೆಯಾಗಿ ಕಾರ್ಡುಗಳೂ ಕಡಿಮೆಯಾಗಿವೆ, ಎರಡನ್ನೂ ಇಟ್ಟುಕೊಂಡು ಏನು ಮಾಡುವುದು ಎಂಬುದು ಅವನ ವಾದ. ಅಮ್ಮ ಕೆಂಡವಾದಳು. ಅವಳಿಗೆ ಸಿಟ್ಟು ಬಂದರೆ ತವರಿನ ತೆಲುಗೇ ಬರುವುದು. 'ಮಬ್ಬು ಚೂಸಿ ಮುಂತ ಒಲಕಬೋಸಿನಟ್ಟು' ಅಂದಳು. ಮೋಡ ಕಂಡಿತು ಅಂತ ಚೊಂಬಿನಲ್ಲಿದ್ದ ನೀರು ಚೆಲ್ಲಿಕೊಂಡ ಹಾಗಾಯಿತು ಅಂತ. 'ಮಿಷನ್ ಬರ್ಲಿ, ಅದ್ರಲ್ಲಿ ನಿಮ್ಗೆ ಕಾಣ್ಸುತ್ತೋ ಇಲ್ವೋ ನೋಡಾನ, ಆಮೇಲೆ ಮಾರಿ.' ಅಪ್ಪ, 'ನಾನು ಓದಿ ಬಂದೀನಿ ಕಣೇ. ಈ ಕಣ್ಣಲ್ಲೇ ಓದಿ ಬಂದೀನಿ' ಅಂದ. ಓದಿದ್ದು ದೊಡ್ಡದರಲ್ಲಿ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ. ಮೂರು ಭಾಷೆಯನ್ನೂ ಗುಜರಿಯವನು ಒಟ್ಟಿಗೇ ಕಲಸಿ ಗೋಣಿಚೀಲಗಳಿಗೆ ಸುರಿದುಕೊಂಡು ಹೋದ.

ಸಣ್ಣ ಕಂಪ್ಯೂಟರ್ ಬಂತು. ಅಮ್ಮ ಬೈದುಕೊಂಡೇ ಕುಂಕುಮ ಇಟ್ಟಳು. ನಾನು ಕಾರ್ಡು ಜೋಡಿಸಿ ಫ್ಲಾಪಿಗೆ ಹಾಕಿ ಕೋಲಾರದ ಆಫ್‌ಸೆಟ್ ಪ್ರೆಸ್ಸಿಗೆ ಕಳಿಸುವುದು ಅಂತಾಯಿತು. ಒಂದು ಭಾಷೆಯಾದರೆ ಹೇಗೋ ನಡೆಯುತ್ತಿತ್ತು. ಮೂರೂ ಸೇರಿದರೆ ಅದಕ್ಕೆ ಉಸಿರು ಕಟ್ಟುತ್ತಿತ್ತು. ಅಕ್ಷರ ದೊಡ್ಡದು ಮಾಡಲು ಒತ್ತಿದರೆ ಮಾನಿಟರ್ ಪೂರಾ ಬೆಳ್ಳಗಾಗಿ ಹಾಗೇ ನಿಲ್ಲುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಮೇಲಿನಿಂದ ಒಂದೊಂದೇ ಸಾಲು ಇಳಿದು ಬರುತ್ತಿತ್ತು. ಬಂದ ಅಕ್ಷರವಾದರೂ ಹೇಗಿತ್ತು, ಇಲಿ ಕಡಿದ ಹಾಗೆ ಅಂಚು ಅಂಚು. ಒಂದು ಪದ ಕಾಣಿಸಿದರೆ ಪಕ್ಕದ್ದು ಮಾನಿಟರಿನ ಆಚೆ ಹೋಗಿರುತ್ತಿತ್ತು. ಅಪ್ಪ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಕೂರುತ್ತಿದ್ದ. 'ಇರ್ಲಿ ಬಿಡು, ಮೇಲಿನ ಮನೆ ಕಟ್ಟೋ ತನ್ಕ' ಎಂದು ತಾನೇ ಸಮಾಧಾನ ಹೇಳುತ್ತಿದ್ದ.

ಮೇಲಿನ ಮನೆ ಕಟ್ಟಿಸಲೆಂದು ಹೊಟ್ಟೆ ಬಟ್ಟೆ ಕಟ್ಟಿ ಮತ್ತೆ ಬೆಂಗಳೂರಿಗೆ ಹೋದೆವು. ಕಂಪ್ಯೂಟರಿನ ಡಬ್ಬವನ್ನು ಹಳೆ ಸೀರೆಯಲ್ಲಿ ಸುತ್ತಿ ಗಾಡಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ. ಟೈ ಕಟ್ಟಿದ ಹುಡುಗ ಬೇರೆ ಯಾವುದೋ ಕೆಲಸಕ್ಕೆ ಹೋಗಿದ್ದನಂತೆ. ರಿಪೇರಿ ಮಾಡುವವನು ಡಬ್ಬ ಬಿಚ್ಚಿ ನೋಡಿ, 'ಇದಕ್ಕೆ ಏನೂ ಹಾಕಕ್ಕಾಗಲ್ಲ. ಇದರ ಬೋರ್ಡೇ ಬೇರೆ, ದೊಡ್ಡದರದ್ದೇ ಬೇರೆ. ದೊಡ್ಡದು ಬೇಕು ಅಂದ್ರೆ ದೊಡ್ಡದನ್ನೇ ತಗೋಬೇಕು' ಅಂದ. ಆಮೇಲೆ ಹಾಕಿಸ್ಕೊಬೋದು ಅಂದಿದ್ದರಲ್ಲ ಎಂದು ನಾನು ಜಗಳಕ್ಕೆ ನಿಂತೆ. ಯಾರು ಅಂದಿದ್ದು, ಬರೆದುಕೊಟ್ಟಿದ್ದಾರಾ ಎಂದು ಕೇಳಿದರು. ನಾನು ಬಾಯಿಗೆ ಬಂದಂತೆ ಬೈದೆ, ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಅಪ್ಪ ನನ್ನ ಕೈ ಹಿಡಿದು ಎಳೆದ. ಗಾಡಿ ಮಾಲೂರು ದಾಟಿದ ಮೇಲೆ, 'ಇದ್ರಲ್ಲಿ ಕಂಬಿನೇ ಬಿಟ್ಟಿಲ್ಲ ಕಣಮ್ಮ' ಅಂದ.

ನಾನು ಆವತ್ತು ಮರುಗಿದ್ದು ಕಂಪ್ಯೂಟರಿಗಲ್ಲ, ಮಾರಿದ ಸೀಸಕ್ಕೆ. ಸೀಸ ಇದ್ದಿದ್ದರೆ ಅಪ್ಪ ಪೂರ್ತಿ ಕುರುಡಾದರೂ ಕೇಸಿನ ಮುಂದೆ ನಿಂತು ಕೈಯಲ್ಲೇ ಜೋಡಿಸುತ್ತಿದ್ದ. ಗಾಜಿನ ಮೇಲೆ ಬೆರಳಿಗೆ ಏನು ಸಿಗುತ್ತದೆ? ಅಪ್ಪನೂ ಅದನ್ನೇ ಯೋಚಿಸುತ್ತಿದ್ದನೋ ಏನೋ, ಖಾಲಿ ಕೇಸುಗಳನ್ನು ಸೌದೆಗೆ ಹಾಕು ಎಂದು ಅಮ್ಮನಿಗೆ ಹೇಳಿಬಿಟ್ಟ. ಅಮ್ಮ ಹಾಕಲಿಲ್ಲ, ಎತ್ತಿ ಅಟ್ಟಕ್ಕೆ ಸೇರಿಸಿದಳು.

ಆ ಬೇಸಗೆಯಲ್ಲಿ ಉರಿಗಾಂನಿಂದ ಒಬ್ಬ ಹಿರಿಯರು ಬಂದರು. ಗಣಿಯಿಂದ ನಿವೃತ್ತರಾದವರು, ಕೊನೆಯ ಮಗಳ ಮದುವೆ. ಮೊದಲ ಇಬ್ಬರ ಕಾರ್ಡೂ ಅಪ್ಪನ ಕೈಯಲ್ಲೇ ಆಗಿತ್ತು. ಅವರ ಊರ ಪಕ್ಕದಲ್ಲೇ ಕಾರ್ಡು ಮಾಡುವ ಕಂಪ್ಯೂಟರ್ ಅಂಗಡಿಗಳಿದ್ದರೂ ಬಸ್ಸು ಹತ್ತಿ ನಮ್ಮಲ್ಲಿಗೇ ಬಂದಿದ್ದರು. ಮೂರು ಭಾಷೆಯ ಕಾರ್ಡು. ನಾನು ಜೋಡಿಸಿ, ಎರಡು ಸಲ ಓದಿ ತಿದ್ದಿ ಇಟ್ಟಿದ್ದೆ. ಅವರು ಬೆಂಚಿನ ಮೇಲೆ ಕೂತು ಅಪ್ಪನ ಮಾತಿಗೆ ಕಾಯುತ್ತಿದ್ದರು. ಅಪ್ಪ ಕನ್ನಡಕ ಒರೆಸಿ ಹಾಕಿಕೊಂಡು, ಕುರ್ಚಿ ಎಳೆದುಕೊಂಡು ಮಾನಿಟರಿನ ಮುಂದೆ ಕೂತು, 'ದೊಡ್ಡುದು ಮಾಡಮ್ಮ' ಅಂದ. ನಾನು ಒತ್ತಿದೆ. ಮಾನಿಟರ್ ಬೆಳ್ಳಗಾಯಿತು, ಹಾಗೇ ನಿಂತಿತು.

ಅಪ್ಪ ಬಗ್ಗಿದ. ಆ ಖಾಲಿ ಬಿಳುಪಿನ ಮೇಲೆ ಎಡದಿಂದ ಬಲಕ್ಕೆ ಬೆರಳು ಓಡಿಸಿದ. ಕೆಳಗೆ ಇಳಿಸಿ ಮತ್ತೆ ಎಡದಿಂದ ಬಲಕ್ಕೆ. ತುಟಿ ಅಲ್ಲಾಡುತ್ತಿತ್ತು, ಧ್ವನಿ ಇರಲಿಲ್ಲ. ಇನ್ನೂ ಬಂದಿಲ್ಲ ಅಪ್ಪ, ತಡಿ, ಎಂದು ಹೇಳಬೇಕು. ಹೇಳಿದರೆ ಅಪ್ಪನಿಗೆ ಕಾಣುತ್ತಿಲ್ಲ ಎಂಬುದು ಗಿರಾಕಿಯ ಎದುರಿಗೇ ಬಯಲಾಗುತ್ತದೆ, ಹೇಳಲಿಲ್ಲ. ಕೊನೆಯ ಸಾಲಿರಬೇಕಾದ ಜಾಗದ ತನಕ ಬೆರಳು ತಂದು, ಬೆನ್ನು ನೇರ ಮಾಡಿ, ಮೊದಲಿನ ಗತ್ತಿನಲ್ಲೇ ಅಪ್ಪ ಅಂದ, 'ಸರಿಗೈತೆ. ಓಡ್ಸು.'

ಬೆಂಚಿನ ಮೇಲಿನಿಂದ ಮಾನಿಟರ್ ಚೆನ್ನಾಗಿ ಕಾಣುತ್ತಿತ್ತು. ಆ ಹಿರಿಯರು ಬಿಳಿ ಗಾಜನ್ನು ನೋಡಿದರು, ಅಪ್ಪನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎದ್ದು ಪಂಚೆ ಕೊಡವಿಕೊಂಡರು.

'ಅಪ್ಪಾರು ಏಳಿದ್ರಲ್ಲಮ್ಮ' ಅಂದರು. 'ಓಡ್ಸಿ.'